ವಿದೇಶ ವ್ಯಾಸಂಗದ ಅನುಮತಿ: ಮೊದಲ ಅರ್ಜಿ ಒಂದನೇ ತರಗತಿಯಲ್ಲೇ

(ವಿದ್ಯಾರ್ಥಿಗಳ ಮತ್ತು ಪೋಷಕರ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಿದೇಶದಲ್ಲಿ ಕಲಿಯಲು ಅನುಮತಿ ಪಡೆಯುವುದು ಹೇಗೆ ಎಂಬ ವಿಷಯವನ್ನು ಸಂಘಟಕರು ನನಗೆ ಕೊಟ್ಟಿದ್ದಾರೆ. ನನ್ನದು ಟ್ರಾವೆಲ್ಸ್ ಕಚೇರಿಯಲ್ಲ, ಶಾಲೆ. ಉರ್ದು ಮತ್ತು ಕನ್ನಡ ಕಲಿಸುವುದು ನನ್ನ ಕೆಲಸ. ಆದರೂ ಈ ವಿಷಯ ಮಾತನಾಡಲು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ವಿದೇಶಕ್ಕೆ ಹೊರಟ ಮಕ್ಕಳ ಅರ್ಜಿ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡಾಗ ಅವರಲ್ಲಿ ಹಲವರು ಓಡಿ ಬರುವುದು ಹಳೆಯ ಶಾಲೆಗೆ. ದಾಖಲಾತಿ ರಿಜಿಸ್ಟರಿನ ಒಂದು ಸಾಲಿಗಾಗಿ, ಒಂದು ಅಕ್ಷರಕ್ಕಾಗಿ ಬರುತ್ತಾರೆ. ಆದ್ದರಿಂದ ಈ ಅನುಮತಿಯ ಪ್ರಶ್ನೆ ಅಮೆರಿಕದ ಕಚೇರಿಯಲ್ಲಿ ಹುಟ್ಟುವುದಕ್ಕಿಂತ ಮೊದಲೇ ನಮ್ಮ ಊರಿನ ಶಾಲೆಯಲ್ಲಿ ಹುಟ್ಟುತ್ತದೆ ಎಂದು ನನಗೆ ಮನವರಿಕೆಯಾಗಿದೆ. ಇಂದಿನ ನನ್ನ ಮಾತಿನ ಸಾರವೂ ಅಷ್ಟೇ.

ನಮ್ಮ ಊರಿಗೆ ವೀಸಾ ಎಂಬ ಶಬ್ದ ಹೊಸದಲ್ಲ. ಪಾಣೆಮಂಗಳೂರು, ಫರಂಗಿಪೇಟೆ, ವಿಟ್ಲ, ಗುರುವಾಯನಕೆರೆ, ಕಕ್ಕಿಂಜೆ, ಪುತ್ತಿಗೆ, ತೋಡಾರು, ಎಲ್ಲಿ ಹೋದರೂ ಗಲ್ಫಿನಲ್ಲಿ ದುಡಿಯುವವರ ಮನೆಗಳಿವೆ. ಗಲ್ಫಿನ ಕೆಲಸದ ವೀಸಾವನ್ನು ಅಲ್ಲಿನ ಕಂಪೆನಿಯವರೋ ಕಫೀಲರೋ ತೆಗೆಸಿ ಕಳುಹಿಸುತ್ತಾರೆ. ಅದಕ್ಕೇ ನಾವು 'ವೀಸಾ ಬಂತು' ಎನ್ನುತ್ತೇವೆ. ವಿದ್ಯಾರ್ಥಿ ವೀಸಾ ಹಾಗೆ ಬರುವುದಿಲ್ಲ. ನಾನು ಯಾರು, ಏನು ಕಲಿತಿದ್ದೇನೆ, ಮುಂದೆ ಏನು ಕಲಿಯಲಿದ್ದೇನೆ, ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ, ಈ ನಾಲ್ಕನ್ನೂ ವಿದ್ಯಾರ್ಥಿಯೇ ಕಾಗದದ ಮೂಲಕ ಸಾಬೀತು ಮಾಡಬೇಕು. ಗಲ್ಫಿನ ಅನುಭವವನ್ನು ನಂಬಿಕೊಂಡು 'ಏಜೆಂಟರಿಗೆ ಪಾಸ್‌ಪೋರ್ಟ್ ಕೊಟ್ಟರಾಯಿತು, ಉಳಿದದ್ದು ಅವರು ನೋಡಿಕೊಳ್ಳುತ್ತಾರೆ' ಎಂದುಕೊಂಡ ಮನೆಗಳು ಇಲ್ಲಿಯೇ ಎಡವುತ್ತವೆ.

ಮೊದಲು ಕಾನೂನಿನ ಮಾತು. ವಿದೇಶದಲ್ಲಿ ಕಲಿಯಲು ಭಾರತ ಸರಕಾರದಿಂದ ಪ್ರತ್ಯೇಕ ಅನುಮತಿ ಬೇಕೇ ಎಂದು ಹಲವರು ಕೇಳುತ್ತಾರೆ. ಸಾಮಾನ್ಯ ವಿದ್ಯಾರ್ಥಿಗೆ ಬೇಕಿಲ್ಲ, ಪಾಸ್‌ಪೋರ್ಟ್ ಸಾಕು. ಆ ಪಾಸ್‌ಪೋರ್ಟ್ ಕೂಡ ಯಾರೋ ದಯೆಯಿಂದ ಕೊಡುವ ವಸ್ತುವಲ್ಲ. 1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ 1967ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಬರುತ್ತದೆ, ಕಾನೂನಿನ ಆಧಾರವಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಜನವರಿ 25ರಂದು ಮೇನಕಾ ಗಾಂಧಿ ಮೊಕದ್ದಮೆಯ ತೀರ್ಪು, ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಕ್ರಮವೂ ನ್ಯಾಯಯುತವಾಗಿರಬೇಕು ಎಂದು ಹೇಳಿತು. ಪಾಸ್‌ಪೋರ್ಟ್ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಅದರ ಮೇಲೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಕ್ಕಳು ಇದನ್ನು ತಿಳಿದಿರಬೇಕು. ಕೌಂಟರಿನ ಮುಂದೆ ಅಂಜಿಕೊಂಡು ನಿಲ್ಲಬೇಕಾಗಿಲ್ಲ.

ಆದರೆ ನಾಲ್ಕು ಸಂದರ್ಭಗಳಲ್ಲಿ ಹೆಚ್ಚಿನ ಎಚ್ಚರ ಬೇಕು.

ಒಂದು, ಸರಕಾರಿ ನೌಕರಿಯಲ್ಲಿರುವವರು ಓದಲು ಹೊರಡುವುದಾದರೆ ಇಲಾಖೆಯ ಅನುಮತಿ ಪಡೆಯಬೇಕು. ನಮ್ಮ ಶಿಕ್ಷಕ ಬಂಧುಗಳಿಗೂ ಇದು ಅನ್ವಯವಾಗುತ್ತದೆ.

ಎರಡು, ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತಾರೆ. ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇವರಿಗೆ ವಲಸೆ ಅಧಿಕಾರಿಗಳ ಅನುಮತಿ ಬೇಕು. ಎಸ್ಸೆಸ್ಸೆಲ್ಸಿ ಪಾಸಾದರೆ ಈ ಕಟ್ಟು ಇಲ್ಲ. ನಡುವೆ ಶಾಲೆ ಬಿಟ್ಟು ದರ್ಸಿಗೋ ಅಂಗಡಿ ಕೆಲಸಕ್ಕೋ ಹೋದ ಹುಡುಗರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕವಾದರೂ ಹತ್ತನೇ ತರಗತಿ ಮುಗಿಸಬೇಕೆಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಆ ಒಂದು ಅಂಕಪಟ್ಟಿ ಅವರ ಮುಂದಿನ ಓದಿಗೂ ಬೇಕು, ಪಾಸ್‌ಪೋರ್ಟಿಗೂ ಬೇಕು.

ಮೂರು, ವೈದ್ಯಕೀಯ ಶಿಕ್ಷಣ. ವಿದೇಶದಲ್ಲಿ ಎಂಬಿಬಿಎಸ್ ಓದಿ ಭಾರತದಲ್ಲಿ ವೈದ್ಯರಾಗಬೇಕಾದರೆ 2018ರಿಂದ ನೀಟ್ ಅರ್ಹತೆ ಕಡ್ಡಾಯ. 2021ರ ನವೆಂಬರ್ 18ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳ ಪ್ರಕಾರ ಓದು ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಆ ದೇಶದಲ್ಲೇ ವೈದ್ಯ ವೃತ್ತಿ ನಡೆಸುವ ಅರ್ಹತೆ ಸಿಗಬೇಕು. ಮರಳಿ ಬಂದ ಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು, ಮತ್ತೆ ಇಂಟರ್ನ್‌ಶಿಪ್ ಮಾಡಬೇಕು. 'ನಮ್ಮದು ಆಯೋಗ ಒಪ್ಪಿದ ಕಾಲೇಜು' ಎಂದು ಹೇಳುವ ಏಜೆಂಟರು ಬಂದರೆ ನಂಬಬೇಡಿ. ಒಪ್ಪಿಗೆ ಕೊಟ್ಟ ವಿದೇಶಿ ಕಾಲೇಜುಗಳ ಪಟ್ಟಿಯನ್ನು ಆಯೋಗ ಹೊರಡಿಸುವುದಿಲ್ಲ. ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ಹೊಣೆ ವಿದ್ಯಾರ್ಥಿಯದ್ದೇ.

ಇಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಆ ಯುವಕ 2022ರ ಮಾರ್ಚ್ 1ರಂದು, ಯುದ್ಧದ ನಡುವೆ ಆಹಾರ ತರಲು ಹೊರಗೆ ಹೋದಾಗ ದಾಳಿಗೆ ಸಿಲುಕಿ ತೀರಿಕೊಂಡರು. ಇಲ್ಲಿ ಸೀಟಿನ ಖರ್ಚು ಭರಿಸಲಾಗದೆ ಮಕ್ಕಳು ಎಷ್ಟು ದೂರ ಹೋಗುತ್ತಾರೆ ಎಂಬುದು ಅಂದು ಇಡೀ ನಾಡಿಗೆ ತಿಳಿಯಿತು. ಅಲ್ಲಿಂದ ಮರಳಿ ಬಂದ ಸಾವಿರಾರು ಮಕ್ಕಳು ಓದನ್ನು ಎಲ್ಲಿ ಮುಂದುವರಿಸುವುದೆಂದು ತಿಳಿಯದೆ ಅಲೆದರು. ಆದ್ದರಿಂದ ಕಾಲೇಜಿನ ಹೆಸರು ಕೇಳುವುದಕ್ಕೆ ಮೊದಲು ಆ ದೇಶದ ಸ್ಥಿತಿಯನ್ನು ಕೇಳಿ. ಶುಲ್ಕ ಕಡಿಮೆ ಎಂಬ ಒಂದೇ ಮಾತಿಗೆ ಮಗುವನ್ನು ಕಳುಹಿಸಬೇಡಿ.

ನಾಲ್ಕನೆಯದನ್ನು ಯುವಕರು ಗಮನವಿಟ್ಟು ಕೇಳಬೇಕು. ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ನಡೆಯುತ್ತಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಬರೇ ಎಫ್‌ಐಆರ್ ಆದರೆ ಅದು ನಡೆಯುತ್ತಿರುವ ಮೊಕದ್ದಮೆ ಎಂದು ಲೆಕ್ಕವಾಗದು. ಆರೋಪಪಟ್ಟಿ ಸಲ್ಲಿಕೆಯಾಗಿ ನ್ಯಾಯಾಲಯ ಅದನ್ನು ಪರಿಗಣನೆಗೆ ತೆಗೆದುಕೊಂಡ ಮೇಲೆ ತೊಡಕು ಶುರು. ಆಗಲೂ ದಾರಿ ಪೂರ್ತಿ ಮುಚ್ಚುವುದಿಲ್ಲ. 1993ರ ಆಗಸ್ಟ್ 25ರ ಅಧಿಸೂಚನೆಯ ಪ್ರಕಾರ ಮೊಕದ್ದಮೆ ನಡೆಯುವ ನ್ಯಾಯಾಲಯವೇ ವಿದೇಶಕ್ಕೆ ಹೋಗಲು ಅನುಮತಿ ಕೊಟ್ಟರೆ ಪಾಸ್‌ಪೋರ್ಟ್ ಪಡೆಯಬಹುದು. ಆದರೆ ಅದಕ್ಕೆ ವಕೀಲರು ಬೇಕು, ತಿಂಗಳುಗಳು ಬೇಕು, ಅಷ್ಟರಲ್ಲಿ ಸೆಪ್ಟೆಂಬರಿನ ತರಗತಿ ಕಾಯುವುದಿಲ್ಲ. ಅರ್ಜಿಯಲ್ಲಿ ಕೇಸನ್ನು ಮುಚ್ಚಿಟ್ಟರೆ ಅದೇ ಇನ್ನೊಂದು ಅಪರಾಧ. ನಮ್ಮ ಜಿಲ್ಲೆಯಲ್ಲಿ ಒಂದು ಸಂಜೆಯ ಗಲಾಟೆ, ಮೊಬೈಲಿನಲ್ಲಿ ಯೋಚಿಸದೆ ಹಂಚಿದ ಒಂದು ಸಂದೇಶ, ಎಷ್ಟು ಹುಡುಗರನ್ನು ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ ಎಂದು ನಿಮಗೆ ತಿಳಿದೇ ಇದೆ. ಗುಂಪಿನ ಜೊತೆ ಹೊರಡುವ ಮೊದಲು ನಿಮ್ಮ ಅಂಕಪಟ್ಟಿಯನ್ನು ಒಮ್ಮೆ ನೆನಪಿಸಿಕೊಳ್ಳಿ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಹೆಸರಿನ ವಿಷಯ.

ಮುಹಮ್ಮದ್ ಎಂಬ ಹೆಸರನ್ನು ಉರ್ದುವಿನಲ್ಲಿ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತೇವೆ. ಮೀಮ್, ಹೇ, ಮೀಮ್, ದಾಲ್. ಅಲ್ಲಿ ಯಾವ ಗೊಂದಲವೂ ಇಲ್ಲ. ಕನ್ನಡಕ್ಕೆ ಬಂದಾಗ ಅದು ಮಹಮ್ಮದ್, ಮಹಮದ್, ಮೊಹಮ್ಮದ್, ಮುಹಮ್ಮದ್ ಎಂದಾಗುತ್ತದೆ. ಇಂಗ್ಲಿಷಿಗೆ ಹೋದಾಗ ಮೊದಲಕ್ಷರದ ನಂತರ 'ಓ' ಬೇಕೋ 'ಯು' ಬೇಕೋ, ನಡುವಿನ 'ಎಂ' ಒಂದೋ ಎರಡೋ, ಕೊನೆಯಲ್ಲಿ 'ಎ'ಯೋ 'ಇ'ಯೋ ಎಂಬುದು ಬರೆಯುವವರ ಕೈಯಲ್ಲಿದೆ. ಕೆಲವರು ಎಂ, ಓ, ಎಚ್, ಡಿ ಎಂದು ನಾಲ್ಕೇ ಅಕ್ಷರ ಬರೆದು ಚುಕ್ಕೆ ಇಟ್ಟು ಮುಗಿಸುತ್ತಾರೆ. ಖದೀಜ ಎಂಬ ಹುಡುಗಿ ಒಂದು ಕಾಗದದಲ್ಲಿ ಕದೀಜ, ಇನ್ನೊಂದರಲ್ಲಿ ಖತೀಜ, ಮತ್ತೊಂದರಲ್ಲಿ ಕತೀಜಮ್ಮ. ಝುಬೈದಾ ಎಂಬುದು ಜುಬೈದ. ಮನೆಯಲ್ಲಿ ಬ್ಯಾರಿ ಭಾಷೆಯ ಉಚ್ಚಾರ, ಮದ್ರಸದಲ್ಲಿ ಅರಬಿ ಅಕ್ಷರ, ಶಾಲೆಯಲ್ಲಿ ಕನ್ನಡ, ಆಧಾರ್ ಕೇಂದ್ರದಲ್ಲಿ ಇಂಗ್ಲಿಷ್. ಒಂದು ಮಗುವಿನ ಹೆಸರು ಇಷ್ಟು ಕೈ ದಾಟಿ ಬರುತ್ತದೆ. ಊರಿನಲ್ಲಿ ಇದರಿಂದ ತೊಂದರೆಯಿಲ್ಲ, ನಮಗೆ ಮಗುವಿನ ಮುಖ ಗೊತ್ತು. ಬೆಂಗಳೂರಿನ ವೀಸಾ ಕೇಂದ್ರದಲ್ಲಿ, ಲಂಡನಿನ ವಿಶ್ವವಿದ್ಯಾನಿಲಯದಲ್ಲಿ ಮುಖ ಗೊತ್ತಿಲ್ಲ. ಅವರಿಗೆ ಎರಡು ಬಗೆಯ ಅಕ್ಷರ ಎಂದರೆ ಇಬ್ಬರು ವ್ಯಕ್ತಿಗಳು.

ಇನಿಷಿಯಲ್ ಇನ್ನೊಂದು ತೊಡಕು. ನಮ್ಮಲ್ಲಿ ಹೆಸರಿನ ಹಿಂದೆ ಮುಂದೆ ಒಂದು ಅಕ್ಷರ ಇರುತ್ತದೆ. ಅದು ತಂದೆಯ ಹೆಸರೋ, ಮನೆಯ ಹೆಸರೋ, ಊರಿನ ಹೆಸರೋ ಎಂದು ಮನೆಯವರಿಗೇ ಒಮ್ಮತವಿರುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ಅಣ್ಣನ ಪಾಸ್‌ಪೋರ್ಟಿನಲ್ಲಿ ಅದು ತಂದೆಯ ಹೆಸರಾಗಿ, ತಮ್ಮನದ್ದರಲ್ಲಿ ಮನೆಯ ಹೆಸರಾಗಿ ಬಿಡಿಸಿಕೊಳ್ಳುತ್ತದೆ. ಇನ್ನು ಕೆಲವರದ್ದು ಒಂದೇ ಹೆಸರು, ಉಪನಾಮದ ಜಾಗ ಖಾಲಿ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಸಂದರ್ಶಕರಿಗೆ ಪ್ರವೇಶವಿಲ್ಲ ಎಂದು ನಿಯಮ ಮಾಡಿದಾಗ ನಮ್ಮ ಕಡೆಯ ಕುಟುಂಬಗಳೂ ಗಾಬರಿಗೊಂಡವು. ಅಮೆರಿಕದ ವೀಸಾದಲ್ಲಂತೂ ಇಂಥವರ ಮೊದಲ ಹೆಸರಿನ ಜಾಗದಲ್ಲಿ 'ಮೊದಲ ಹೆಸರು ತಿಳಿದಿಲ್ಲ' ಎಂಬ ಅರ್ಥದ ಮೂರಕ್ಷರ ಬೀಳುತ್ತದೆ. ಮುಂದೆ ಅಲ್ಲಿನ ಬ್ಯಾಂಕಿನಿಂದ ಕಾಲೇಜಿನ ಗುರುತಿನ ಚೀಟಿಯವರೆಗೆ ಅದೇ ಹಿಂಬಾಲಿಸುತ್ತದೆ.

ನಮ್ಮ ಶಾಲೆಯಲ್ಲಿ ಕಲಿತು ಪದವಿಯಲ್ಲಿ ಒಳ್ಳೆಯ ಅಂಕ ಪಡೆದ ಒಬ್ಬ ಹುಡುಗಿಗೆ ಇಂಗ್ಲೆಂಡಿನ ವಿಶ್ವವಿದ್ಯಾನಿಲಯದಿಂದ ಪ್ರವೇಶ ಸಿಕ್ಕಿತ್ತು. ಜನನ ಪ್ರಮಾಣಪತ್ರದಲ್ಲಿ ಒಂದು ಅಕ್ಷರಕ್ರಮ. ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್. ಆಧಾರಿನಲ್ಲಿ ಹೆಸರಿನ ಕೊನೆಗೆ ತಂದೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಮನೆಯ ಹೆಸರು. ಪ್ರವೇಶಪತ್ರ ಬಂದದ್ದು ಅಂಕಪಟ್ಟಿಯ ಹೆಸರಿಗೆ. ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಪಾಸ್‌ಪೋರ್ಟ್ ಬದಲಿಸಿ, ವಿಶ್ವವಿದ್ಯಾನಿಲಯಕ್ಕೆ ಬರೆದು ಎಲ್ಲವನ್ನೂ ಒಂದು ಮಾಡುವಷ್ಟರಲ್ಲಿ ಸೆಪ್ಟೆಂಬರ್ ಕಳೆದಿತ್ತು. ಅವಳ ಪುಣ್ಯಕ್ಕೆ ಜನವರಿಯ ತಂಡಕ್ಕೆ ಸೇರಿಸಿಕೊಂಡರು. ಆ ನಾಲ್ಕು ತಿಂಗಳು ಆ ಮನೆಯಲ್ಲಿ ನಿದ್ದೆಯಿರಲಿಲ್ಲ. ಮನೆಯ ಹಿರಿಯರಲ್ಲಿ ಕೆಲವರು 'ಹೋಗುವುದು ಬೇಡ ಎಂದು ಅಲ್ಲಾಹನ ಸೂಚನೆ ಇರಬಹುದು, ಮದುವೆ ಮಾಡಿ' ಎಂದೂ ಹೇಳಿದ್ದರಂತೆ. ಸೂಚನೆ ಅಲ್ಲವೇ ಅಲ್ಲ, ಸ್ಪೆಲ್ಲಿಂಗ್.

ಹಾಗಾದರೆ ಇದನ್ನು ಸರಿಪಡಿಸುವುದು ಯಾವಾಗ? ಹಂತ ಹಂತವಾಗಿ ಹೇಳುತ್ತೇನೆ, ತಾಯಂದಿರು ಬರೆದುಕೊಳ್ಳಿ.

ಮೊದಲ ಹಂತ ಜನನ ನೋಂದಣಿ. ಮಗು ಹುಟ್ಟಿ 21 ದಿನಗಳೊಳಗೆ ನೋಂದಣಿ ಆಗಬೇಕು. ವರ್ಷ ದಾಟಿದರೆ ದಂಡಾಧಿಕಾರಿಗಳ ಆದೇಶ ಬೇಕಾಗುತ್ತದೆ. ನೋಂದಣಿ ಮಾಡುವಾಗ ಹೆಸರಿಟ್ಟಿರದಿದ್ದರೆ ಮುಂದೆ ಸೇರಿಸಬಹುದು, ಅದಕ್ಕೂ 15 ವರ್ಷದ ಗಡುವಿದೆ. ಹಿಂದಿನ ಕಾಲದಲ್ಲಿ 'ನೇತ್ರಾವತಿಗೆ ದೊಡ್ಡ ನೆರೆ ಬಂದ ವರ್ಷ, ರಂಜಾನ್ ಕಳೆದು ಎಂಟು ದಿನಕ್ಕೆ' ಎಂದು ಅಜ್ಜಿ ಹೇಳಿದ್ದನ್ನು ಕೇಳಿ ಮೇಷ್ಟ್ರು ಒಂದು ತಾರೀಕು ಬರೆಯುತ್ತಿದ್ದರು. ಆ ಕಾಲ ಹೋಯಿತು. 2023ರ ಅಕ್ಟೋಬರ್ 1ರಂದು ಮತ್ತು ಆ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನ ಜನ್ಮ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಆಧಾರ. ಇಂದು ಮಡಿಲಲ್ಲಿರುವ ಕೂಸಿನ ಆ ಒಂದು ಕಾಗದವನ್ನು ಜೋಪಾನ ಮಾಡಿ.

ಎರಡನೆಯದು ಒಂದನೇ ತರಗತಿಯ ದಾಖಲಾತಿ. ಬಾಯಿಮಾತಿನಲ್ಲಿ ಹೆಸರು ಹೇಳಿ ಸಹಿ ಹಾಕಿ ಹೋಗಬೇಡಿ. ಜನನ ಪ್ರಮಾಣಪತ್ರವನ್ನು ಎದುರಿಗಿಟ್ಟು, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಅದೇ ಅಕ್ಷರಗಳಲ್ಲಿ ಬರೆಯಿಸಿ. ತಾಯಿಯ ಹೆಸರನ್ನೂ ಸರಿಯಾಗಿ ಬರೆಯಿಸಿ. 'ಅವಳದ್ದು ಯಾಕೆ' ಎನ್ನಬೇಡಿ. ತಾಯಿಯ ಪಾಸ್‌ಪೋರ್ಟಿನಲ್ಲಿ ಆಯಿಷಾ, ಮಗನ ಟಿ.ಸಿ.ಯಲ್ಲಿ ಐಸಮ್ಮ ಎಂದಿದ್ದರೆ ತಾಯಿಯ ಉಳಿತಾಯದ ಹಣವನ್ನು ಮಗನ ವೀಸಾಕ್ಕೆ ತೋರಿಸುವಾಗ ಸಂಬಂಧ ಸಾಬೀತು ಮಾಡಲು ಓಡಾಡಬೇಕಾಗುತ್ತದೆ.

ಮೂರನೆಯದು ಎಂಟು ಮತ್ತು ಒಂಬತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯಿಂದ ನಾಮಿನಲ್ ರೋಲ್ ಹೋಗುತ್ತದೆ. ಅದರಲ್ಲಿರುವ ಹೆಸರೇ ಅಂಕಪಟ್ಟಿಗೆ ಬರುತ್ತದೆ. ಮಕ್ಕಳಿಗೆ ತೋರಿಸಿ ಸಹಿ ತೆಗೆದುಕೊಳ್ಳುವಾಗ ಅವರು ಪಕ್ಕದವನ ಜೊತೆ ಮಾತನಾಡುತ್ತಾ ಸಹಿ ಹಾಕುತ್ತಾರೆ. ಅಂಕಪಟ್ಟಿ ಬಂದ ಮೇಲೆ ಮಂಡಳಿಯಲ್ಲಿ ತಿದ್ದಿಸುವುದು ಸುಲಭವಲ್ಲ. ಜನ್ಮ ದಿನಾಂಕವೇ ವ್ಯತ್ಯಾಸವಿದ್ದರೆ ಸಿವಿಲ್ ನ್ಯಾಯಾಲಯದವರೆಗೆ ಹೋಗಬೇಕಾಗಿ ಬರಬಹುದು. ಎಂಟನೇ ತರಗತಿಯಲ್ಲಿ ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲೆ ಮೂರನ್ನೂ ಒಂದು ಮೇಜಿನ ಮೇಲಿಟ್ಟು ಹೋಲಿಸಿ ನೋಡಿದರೆ ಈ ಕಷ್ಟದ ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ನಾಲ್ಕನೆಯದು ಪಾಸ್‌ಪೋರ್ಟ್. ಅಂಕಪಟ್ಟಿ ಕೈಗೆ ಬಂದ ಮೇಲೆ, ಅದರ ಹೆಸರಿಗೆ ಹೊಂದುವಂತೆ ಮಾಡಿಸಿ. ಮಂಗಳೂರಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. 15 ತುಂಬಿದವರು ಹತ್ತು ವರ್ಷದ ಅವಧಿಯ ಪಾಸ್‌ಪೋರ್ಟ್ ಕೇಳಬಹುದು. 2016ರ ಡಿಸೆಂಬರ್‌ನಲ್ಲಿ ನಿಯಮಗಳು ಸರಳವಾಗಿವೆ. ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು. ವಿಧವೆಯರೂ ಗಂಡ ಬಿಟ್ಟುಹೋದ ತಾಯಂದಿರೂ ಇದನ್ನು ನೆನಪಿಡಬೇಕು. ಪೊಲೀಸ್ ಪರಿಶೀಲನೆ ನಿಮ್ಮ ವಿಳಾಸದ ಠಾಣೆಯಿಂದ ಆಗುತ್ತದೆ. ಬಂಟ್ವಾಳ, ಬೆಳ್ತಂಗಡಿಯವರು ಜಿಲ್ಲಾ ಪೊಲೀಸ್ ವ್ಯಾಪ್ತಿಗೆ ಬರುತ್ತಾರೆ, ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರುತ್ತದೆ. ಬಾಡಿಗೆ ಮನೆ ಬದಲಿಸಿದವರು ವಿಳಾಸ ನೋಡಿಕೊಳ್ಳಿ. ಐಇಎಲ್‌ಟಿಎಸ್, ಟೋಫೆಲ್, ಜಿಆರ್‌ಇ ಪರೀಕ್ಷೆಗಳಿಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಬೇಕು.

ಇಷ್ಟು ಸರಿಯಾಗಿದ್ದರೆ ಮುಂದಿನ ದಾರಿ ಉದ್ದವಾದರೂ ಗೊಂದಲದ್ದಲ್ಲ. ದೇಶ ದೇಶಕ್ಕೆ ಕ್ರಮ ಬೇರೆ. ಅಮೆರಿಕಕ್ಕೆ ವಿಶ್ವವಿದ್ಯಾನಿಲಯ ಐ-20 ಎಂಬ ಪತ್ರ ಕಳುಹಿಸುತ್ತದೆ. 350 ಡಾಲರ್ ಸೇವಿಸ್ ಶುಲ್ಕ ಕಟ್ಟಿ, ಅರ್ಜಿ ತುಂಬಿ, ಸಂದರ್ಶನಕ್ಕೆ ಹೋಗಬೇಕು. ನಮ್ಮ ಕಡೆಯ ಮಕ್ಕಳು ಹೆಚ್ಚಾಗಿ ಚೆನ್ನೈಗೆ ಹೋಗುತ್ತಾರೆ. ಅಲ್ಲಿನ ಕಾನೂನು ಅರ್ಜಿದಾರನನ್ನು, ನೆಲೆ ನಿಲ್ಲಲು ಬರುವವನೆಂದೇ ಮೊದಲು ಭಾವಿಸುತ್ತದೆ, ಹಾಗಲ್ಲವೆಂದು ನಾವು ತೋರಿಸಬೇಕು. ಆದ್ದರಿಂದ ಬಾಯಿಪಾಠದ ಉತ್ತರ ಬೇಡ. ಯಾಕೆ ಈ ಕೋರ್ಸ್, ಕಲಿತು ಏನು ಮಾಡುತ್ತೀರಿ ಎಂಬುದಕ್ಕೆ ನಿಮ್ಮದೇ ಉತ್ತರ ಇರಲಿ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರೂ ನೋಡುವಂತೆ ತೆರೆದಿಡಬೇಕು ಎಂದಾಗಿದೆ. ನಾಲ್ಕು ವರ್ಷದ ಹಿಂದೆ ಸಿಟ್ಟಿನಲ್ಲಿ ಬರೆದದ್ದನ್ನೂ ಅಧಿಕಾರಿ ಓದಬಹುದು.

ಇಂಗ್ಲೆಂಡಿಗೆ ವಿಶ್ವವಿದ್ಯಾನಿಲಯದ ಕ್ಯಾಸ್ ಎಂಬ ದೃಢೀಕರಣ ಬೇಕು, ಕ್ಷಯರೋಗದ ತಪಾಸಣೆ ಆಗಬೇಕು, ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಕೆನಡಾ 2024ರಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಬೇಗ ನಿರ್ಧಾರ ಸಿಗುತ್ತಿದ್ದ ಎಸ್‌ಡಿಎಸ್ ಎಂಬ ದಾರಿಯನ್ನು ಆ ವರ್ಷದ ನವೆಂಬರ್ 8ರಂದು ಮುಚ್ಚಿತು. 2025ರ ಸೆಪ್ಟೆಂಬರ್ 1ರಿಂದ ಶುಲ್ಕವಲ್ಲದೆ ಜೀವನ ವೆಚ್ಚಕ್ಕೆಂದೇ 22,895 ಕೆನಡಾ ಡಾಲರ್ ತೋರಿಸಬೇಕು. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ತಮ್ಮ ಅಂಕಪಟ್ಟಿಗಳನ್ನು ಎಪಿಎಸ್ ಎಂಬ ಸಂಸ್ಥೆಯಲ್ಲಿ ಪರಿಶೀಲನೆ ಮಾಡಿಸಬೇಕು. 2024ರ ಸೆಪ್ಟೆಂಬರ್‌ನಿಂದ ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಠೇವಣಿ ಇಡಬೇಕೆಂದಿದೆ. ಅದು ನಿಮ್ಮದೇ ಹಣ, ತಿಂಗಳು ತಿಂಗಳು ಮರಳಿ ಸಿಗುತ್ತದೆ. ಇಂಥ ಅಂಕಿಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ದಿನ ಆಯಾ ಸರಕಾರದ ಅಧಿಕೃತ ತಾಣವನ್ನೇ ನೋಡಿ, ನನ್ನ ಭಾಷಣವನ್ನು ನಂಬಿ ಕೂರಬೇಡಿ.

ಇನ್ನು ಹಣ. ಹಿಂದೆ ಡಾಲರ್ ಕೊಳ್ಳುವುದಕ್ಕೇ ರಿಸರ್ವ್ ಬ್ಯಾಂಕಿನ ಬಿಗಿ ನಿಯಮಗಳಿದ್ದವು. 2004ರಲ್ಲಿ ಬಂದ ಉದಾರೀಕೃತ ವ್ಯವಸ್ಥೆಯಲ್ಲಿ ಆಗ ಮಿತಿ 25,000 ಡಾಲರ್ ಇತ್ತು, ಈಗ ವರ್ಷಕ್ಕೆ 2,50,000 ಡಾಲರ್ ಇದೆ. ಆದ್ದರಿಂದ ಇಂದು ತೊಂದರೆ ಡಾಲರಿನ ಅನುಮತಿಯದ್ದಲ್ಲ, ರೂಪಾಯಿಯದ್ದು. ಬ್ಯಾಂಕುಗಳು ವಿದ್ಯಾ ಸಾಲ ಕೊಡುತ್ತವೆ. ಬಡ್ಡಿಯಿಂದ ದೂರವಿರಬೇಕೆನ್ನುವ ಕುಟುಂಬಗಳು ನಮ್ಮಲ್ಲಿವೆ, ಅವರ ಭಾವನೆಯನ್ನು ಗೌರವಿಸಬೇಕು. ಅಂಥವರು ಮೊದಲು ಪೂರ್ಣ ವಿದ್ಯಾರ್ಥಿವೇತನಗಳನ್ನು ನೋಡಲಿ. ಇಂಗ್ಲೆಂಡಿನ ಚಿವನಿಂಗ್, ಅಮೆರಿಕದ ಫುಲ್‌ಬ್ರೈಟ್-ನೆಹರೂ, ಜರ್ಮನಿಯ ಡಿಎಎಡಿ, ಯುರೋಪಿನ ಇರಾಸ್ಮಸ್ ಮುಂಡಸ್ ಇವೆ. ಇವಕ್ಕೆ ಒಂದು ವರ್ಷ ಮೊದಲೇ ತಯಾರಾಗಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರದ 'ಪಢೋ ಪರ್‌ದೇಶ್' ಯೋಜನೆ 2022-23ರಿಂದ ನಿಂತಿದೆ. ಈಗಲೂ ಅದರ ಹೆಸರು ಹೇಳಿ ಅರ್ಜಿ ಶುಲ್ಕ ಕೇಳುವವರು ಬಂದರೆ ದೂರವಿಡಿ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆ ಇದೆ. ವರ್ಷದ ಅಧಿಸೂಚನೆ ಬಂದಾಗ ಕಾಗದ ಸಿದ್ಧವಿದ್ದವರಿಗೆ ಮಾತ್ರ ಅದು ಸಿಗುತ್ತದೆ.

ಏಜೆಂಟರ ಬಗ್ಗೆ ಎರಡು ಮಾತು. ಪ್ರಾಮಾಣಿಕವಾಗಿ ಕೆಲಸ ಮಾಡುವವರಿದ್ದಾರೆ, ಅವರಿಗೆ ನನ್ನ ಗೌರವವಿದೆ. ಆದರೆ 2023ರಲ್ಲಿ ಕೆನಡಾದಲ್ಲಿ ಏನಾಯಿತು ನೋಡಿ. ಜಲಂಧರಿನ ಒಬ್ಬ ಏಜೆಂಟ್ ನಕಲಿ ಪ್ರವೇಶಪತ್ರ ಕೊಟ್ಟು ಕಳುಹಿಸಿದ್ದ ವಿದ್ಯಾರ್ಥಿಗಳಿಗೆ ವರ್ಷಗಳ ನಂತರ ಗಡೀಪಾರಿನ ನೋಟಿಸು ಬಂತು. ಓದು ಮುಗಿಸಿ ಕೆಲಸದಲ್ಲಿದ್ದವರು ಬೀದಿಯಲ್ಲಿ ಧರಣಿ ಕೂತರು. ಅರ್ಜಿಗೆ ಸಹಿ ಹಾಕುವವನು ವಿದ್ಯಾರ್ಥಿ, ಆದ್ದರಿಂದ ಸುಳ್ಳಿನ ಹೊಣೆಯೂ ಅವನದ್ದೇ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಇಂಗ್ಲೆಂಡ್ 10 ವರ್ಷ ಬಾಗಿಲು ಮುಚ್ಚಬಹುದು. ವೀಸಾ ಒಮ್ಮೆ ನಿರಾಕರಣೆಯಾದರೆ ಅದು ಅವಮಾನವಲ್ಲ. ಕಾರಣ ಓದಿ, ಕೊರತೆ ತುಂಬಿ ಮತ್ತೆ ಅರ್ಜಿ ಹಾಕಬಹುದು. ಆದರೆ ಹಿಂದಿನ ನಿರಾಕರಣೆಯನ್ನು ಮುಚ್ಚಿಡಬಾರದು. ಮನೆಯಲ್ಲಿ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸುವ ನಾವು ಅರ್ಜಿಯಲ್ಲಿ ಅದನ್ನು ಮರೆಯಬಾರದು.

ಹೆಣ್ಣುಮಕ್ಕಳ ಬಗ್ಗೆ ಹೇಳದೆ ಮುಗಿಸಿದರೆ ಈ ಮಾತು ಅರ್ಧವಾಗುತ್ತದೆ. ನಮ್ಮ ಶಾಲೆಗಳ ಫಲಿತಾಂಶ ಫಲಕ ನೋಡಿ, ಮೊದಲ ಹೆಸರುಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಇಂದು ಅವರು ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ, ಮಂಗಳೂರಿನಲ್ಲಿ ಓದಿ ಪದವಿ, ಸ್ನಾತಕೋತ್ತರ ಪದವಿ ಪಡೆಯುತ್ತಿದ್ದಾರೆ. ಅವರು ದಾಟಬೇಕಾದ ಮೊದಲ ಕೌಂಟರ್ ಪಾಸ್‌ಪೋರ್ಟಿನದ್ದಲ್ಲ, ಮನೆಯದ್ದು. ಎಲ್ಲರನ್ನೂ ಕಳುಹಿಸಿ ಎಂದು ನಾನು ಹೇಳುತ್ತಿಲ್ಲ. ಅದು ಮನೆಯ ಸ್ಥಿತಿ, ಮಗಳ ಇಚ್ಛೆ, ಹೋಗುವ ಊರಿನ ವ್ಯವಸ್ಥೆ ನೋಡಿ ತೀರ್ಮಾನಿಸುವ ವಿಷಯ. ಆದರೆ ಒಂದನ್ನು ಕೇಳಿಕೊಳ್ಳುತ್ತೇನೆ. ಬೇಡ ಎನ್ನುವುದಾದರೂ ವಿಚಾರಿಸಿ ಬೇಡ ಎನ್ನಿ. ಹಾಸ್ಟೆಲ್ ಹೇಗಿದೆ, ಅಲ್ಲಿ ನಮ್ಮ ಊರಿನ ಕುಟುಂಬ ಯಾರಿದ್ದಾರೆ, ಖರ್ಚೆಷ್ಟು ಎಂದು ಮಗನಿಗಾಗಿ ಕೇಳುವಷ್ಟನ್ನು ಮಗಳಿಗಾಗಿಯೂ ಕೇಳಿ. ಕೇಳುವ ಮೊದಲೇ ಬಾಗಿಲು ಹಾಕಬೇಡಿ. ಮದುವೆಯಾದ ಕೂಡಲೇ ಅವಳ ಪಾಸ್‌ಪೋರ್ಟಿನ ಹೆಸರನ್ನು ಗಂಡನ ಹೆಸರಿಗೆ ಬದಲಿಸಬೇಕೆಂದೂ ಇಲ್ಲ. ಬದಲಿಸಿದರೆ ಅವಳ ಎಲ್ಲ ಅಂಕಪಟ್ಟಿಗಳು ಒಂದು ಹೆಸರಿನಲ್ಲಿ, ಪಾಸ್‌ಪೋರ್ಟ್ ಇನ್ನೊಂದು ಹೆಸರಿನಲ್ಲಿ ಉಳಿಯುತ್ತವೆ.

ಕೊನೆಯದಾಗಿ ನಮ್ಮ ಸಂಸ್ಥೆಯ ಮುಂದೆ ಒಂದು ವಿನಂತಿ. ನಾವು ಪ್ರತಿ ವರ್ಷ ಪ್ರತಿಭಾ ಪುರಸ್ಕಾರ ಮಾಡುತ್ತೇವೆ, ಪುಸ್ತಕ ಹಂಚುತ್ತೇವೆ. ಒಳ್ಳೆಯದು, ಅದು ಮುಂದುವರಿಯಲಿ. ಅದರ ಜೊತೆಗೆ ಪ್ರತಿ ಜೂನ್‌ನಲ್ಲಿ, ಮೂರೂ ಕಡೆಗಳಲ್ಲಿ ಒಂದೊಂದು ಭಾನುವಾರ, ಎಂಟನೇ ತರಗತಿಯ ಮಕ್ಕಳ ದಾಖಲೆ ತಪಾಸಣಾ ಶಿಬಿರ ಇಡೋಣ. ಬಿ.ಸಿ.ರೋಡ್, ಬೆಳ್ತಂಗಡಿ ಮತ್ತು ಮೂಡುಬಿದಿರೆಯಲ್ಲಿ ಒಂದು ಸಭಾಂಗಣ, ನಾಲ್ಕು ಮೇಜು, ನಾಲ್ಕು ಶಿಕ್ಷಕರು, ಒಬ್ಬ ವಕೀಲರು ಸಾಕು. ತಾಯಿ ತಂದೆ ಮೂರು ಕಾಗದ ಹಿಡಿದು ಬರಲಿ. ಹೆಸರು, ಜನ್ಮ ದಿನಾಂಕ, ತಂದೆ ತಾಯಿಯ ಹೆಸರು ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಎಲ್ಲಿಗೆ ಹೋಗಿ ತಿದ್ದಿಸಬೇಕೆಂದು ಒಂದು ಚೀಟಿಯಲ್ಲಿ ಬರೆದು ಕೊಡೋಣ. ಜುಮಾದ ದಿನ ಮಸೀದಿಗಳಲ್ಲಿ ಪ್ರಕಟಣೆ ಕೊಟ್ಟರೆ ಜನ ಬರುತ್ತಾರೆ. ಉರ್ದು, ಬ್ಯಾರಿ ಮನೆಮಾತಿನ ಮಕ್ಕಳ ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೇ ಕ್ರಮದಲ್ಲಿ ಬರೆಯುವ ಒಂದು ಪಟ್ಟಿಯನ್ನು ಶಾಲೆಗಳಿಗೆ ತಯಾರಿಸಿ ಕೊಡಲು ನಾನು ಸಿದ್ಧ.

ಈ ಮಕ್ಕಳಲ್ಲಿ ಎಲ್ಲರೂ ವಿದೇಶಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಇಲ್ಲಿಯೇ ಕಲಿತು ಇಲ್ಲಿಯೇ ಸೇವೆ ಮಾಡುವವರು ನಮಗೆ ಬೇಕು. ಆದರೆ ಹೋಗಬೇಕೆಂದು ಬಯಸಿ, ಅಂಕ ಗಳಿಸಿ, ಪ್ರವೇಶವನ್ನೂ ಪಡೆದ ಮಗು ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಬಸ್ಸು ಹತ್ತಿ ಕಚೇರಿಯಿಂದ ಕಚೇರಿಗೆ ಅಲೆಯುವಂತಾಗಬಾರದು. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನು ಕರುಣಿಸಲಿ.

 ಕಾಗದಗಳನ್ನು ತಂದವರು ಸಭೆ ಮುಗಿದ ಮೇಲೆ ಬನ್ನಿ, ಇಲ್ಲಿಯೇ ಕುಳಿತು ನೋಡೋಣ.